ಬೀಜದ ಹುಂಜ, ತಾಯಿ ಕೋಳಿ: ಪುಣೆಯ ಆಸುಪಾಸಿನಲ್ಲಿ ಹಿತ್ತಲ ಕೋಳಿಗೆ ಒಳ್ಳೆಯ ತಳಿ ಹುಡುಕುವ ಸಮಗ್ರ ಮಾರ್ಗದರ್ಶಿ

ನಾನು ಇಂಡಿ ತಾಲ್ಲೂಕಿನವಳು. ಮುಳಶಿ ತಾಲ್ಲೂಕಿನ ಪೌಡ್ ಹತ್ತಿರ 8 ಗುಂಟೆ ಜಾಗ ತೆಗೆದುಕೊಂಡ ಮೊದಲ ವರ್ಷವೇ ನಾವು ಕೋಳಿ ಸಾಕಲು ಶುರು ಮಾಡಿದೆವು. ವ್ಯಾನಿನಲ್ಲಿ ಮಾರಿಕೊಂಡು ಬಂದವರ ಹತ್ತಿರ 30 ಮರಿ ಕೊಂಡೆ. ‘ಗಾವರಾನ್’, ಅಂದರೆ ಊರಿನ ಜವಾರಿ (ನಾಟಿ) ಕೋಳಿ, ಅಂತ ಹೇಳಿ ಕೊಟ್ಟರು. ಮರಿಗಳು ಚೆನ್ನಾಗಿಯೇ ಬೆಳೆದವು. ಐದು ತಿಂಗಳಿಗೆ ಹುಂಜಗಳು ಎರಡೂವರೆ ಕಿಲೋ ತೂಗಿದವು. ಇನ್ನು ಮರಿ ಕೊಳ್ಳುವುದೇ ಬೇಡ, ಇವುಗಳ ತತ್ತಿಯಿಂದಲೇ ಮುಂದಿನ ಹಿಂಡು ಮಾಡೋಣ ಅಂದುಕೊಂಡೆ. ನೋಡಿದರೆ ಕಾವಿಗೆ ಕೂರುವ ಕೋಳಿ ಒಂದೂ ಇಲ್ಲ. ಪಕ್ಕದ ವಾಡಿಯ (ಸಣ್ಣ ಹಳ್ಳಿಯ) ಮಾವಶಿಯಿಂದ (ಚಿಕ್ಕಮ್ಮನಂಥ ಹೆಂಗಸಿನಿಂದ) ಕಾವು ಕೂತ ಕೋಳಿಯನ್ನು ಎರವಲು ತಂದು ತತ್ತಿ ಇಟ್ಟೆ. ಹುಟ್ಟಿದ ಮರಿಗಳಲ್ಲಿ ಕೆಲವು ಅಪ್ಪನ ಹಾಗೆ ಬೆಳೆದವು. ಅರ್ಧಕ್ಕಿಂತ ಜಾಸ್ತಿ ಮರಿಗಳು ಐದು ತಿಂಗಳಾದರೂ ಒಂದು ಕಿಲೋ ದಾಟಲಿಲ್ಲ.

ನಾನು ತಂದದ್ದು ಮಿಶ್ರತಳಿ. ಬೇರೆ ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಕೋಳಿ ಒಂದು ತಲೆಮಾರು ಚೆನ್ನಾಗಿ ಬೆಳೆಯುತ್ತದೆ. ಅದರ ಮಕ್ಕಳಲ್ಲಿ ಗುಣಗಳು ಚದುರಿಹೋಗುತ್ತವೆ. ಹೊಲದಲ್ಲಿ ಹೈಬ್ರಿಡ್ ಜೋಳದ ಕಾಳನ್ನು ಮತ್ತೆ ಬಿತ್ತಿದವರಿಗೆ ಇದು ಗೊತ್ತೇ ಇರುತ್ತದೆ. ತಿನ್ನೋದಕ್ಕೆ ಕೋಳಿ ತರುವುದು ಒಂದು, ಬೀಜಕ್ಕೆ ಕೋಳಿ ತರುವುದು ಇನ್ನೊಂದು. ಈ ಬರಹ ಎರಡನೆಯದರ ಬಗ್ಗೆ.

ಮೊದಲು ಲೆಕ್ಕ ಹಾಕಿ

ಮನೆಗೆ ವಾರಕ್ಕೊಂದು ಕೋಳಿ ಬೇಕು ಅಂತಿಟ್ಟುಕೊಳ್ಳಿ. ವರ್ಷಕ್ಕೆ 52. ಹಳೆಯದಾದ ತಾಯಿ ಕೋಳಿಗಳ ಜಾಗಕ್ಕೆ ಹೊಸದು 15 ಬೇಕು. ಒಟ್ಟು 67 ಕೋಳಿ ದೊಡ್ಡದಾಗಬೇಕು. ಮುಂಗುಸಿ, ಗಿಡುಗ, ರೋಗ ಎಲ್ಲ ಕಳೆದು ನಾಲ್ಕರಲ್ಲಿ ಮೂರು ಉಳಿಯುತ್ತವೆ ಅಂದರೆ 90 ಮರಿ ಹುಟ್ಟಬೇಕು. ನೂರು ತತ್ತಿಗೆ 65 ಮರಿ ಅಂತ ಹಿಡಿದರೆ ಸುಮಾರು 140 ತತ್ತಿ ಬೇಕು. ಜವಾರಿ ಕೋಳಿ ವರ್ಷಕ್ಕೆ 50ರಿಂದ 60 ತತ್ತಿ ಇಡುತ್ತದೆ. ಹಾಗಾದರೆ ಮೂರು ಕೋಳಿ ಸಾಕಲ್ಲ ಅನ್ನಿಸುತ್ತೆ, ಅಲ್ವಾ?

ಸಾಲದು. ತತ್ತಿಯ ಲೆಕ್ಕಕ್ಕೆ ಸಾಕು, ರಕ್ತದ ಲೆಕ್ಕಕ್ಕೆ ಸಾಲದು. ಒಂದು ಹುಂಜ, 10 ಹೆಣ್ಣು ಇಟ್ಟುಕೊಂಡು ಹೊರಗಿನ ಕೋಳಿ ತರದೆ ಸಾಕಿದರೆ ಪ್ರತಿ ತಲೆಮಾರಿಗೆ ರಕ್ತಸಂಬಂಧ ಸುಮಾರು ಶೇ. 14ರಷ್ಟು ಏರುತ್ತದೆ. 3 ಹುಂಜ, 15 ಹೆಣ್ಣು ಇದ್ದರೆ ಅದು ಶೇ. 5ಕ್ಕೆ ಇಳಿಯುತ್ತದೆ. ರಕ್ತ ಹತ್ತಿರವಾದಷ್ಟೂ ತತ್ತಿ ಒಡೆದು ಮರಿ ಬರುವುದು ಕಡಿಮೆಯಾಗುತ್ತದೆ, ಮರಿಗಳು ಸೊರಗುತ್ತವೆ. ಆದ್ದರಿಂದ ನನ್ನ ಸಲಹೆ 3 ಹುಂಜ, 12ರಿಂದ 15 ಹೆಣ್ಣು. ಅವು ಒಂದೇ ಮನೆಯಿಂದ ಬಂದಿರಬಾರದು. ಮೂರು ಬೇರೆ ಬೇರೆ ಊರಿನವಾದರೆ ಬಹಳ ಒಳ್ಳೆಯದು.

ಯಾವ ತಳಿ?

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಾರುವವರು ಹತ್ತಾರು ಹೆಸರು ಹೇಳುತ್ತಾರೆ.

ಬ್ರಾಯ್ಲರ್ ಬಿಟ್ಟುಬಿಡಿ. 35–40 ದಿನಕ್ಕೆ ಎರಡು ಕಿಲೋ ಬರಲಿ ಅಂತಲೇ ಮಾಡಿದ ಕೋಳಿ ಅದು. ಹಿತ್ತಲಲ್ಲಿ ಕೆದಕಿ ತಿಂದು ವರ್ಷಗಟ್ಟಲೆ ಬದುಕಿ ಮರಿ ಮಾಡಲು ಅದರ ಕಾಲು, ಹೃದಯ ಎರಡೂ ತಡೆಯುವುದಿಲ್ಲ.

ಗಿರಿರಾಜ ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ಹುಟ್ಟಿದ ತಳಿ. ಮಹಾರಾಷ್ಟ್ರದ ಹಳ್ಳಿಗಳಲ್ಲೂ ‘ಗಿರೀರಾಜ್’ ಅಂದರೆ ಗೊತ್ತು. ನನಗೆ ಅದರ ಮೇಲೆ ಅಭಿಮಾನ ಇದೆ. ವನರಾಜ, ಗ್ರಾಮಪ್ರಿಯ ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದವು. ಇವೆಲ್ಲ ಒಳ್ಳೆಯ ಕೋಳಿಗಳೇ. ಆದರೆ ಮಿಶ್ರತಳಿಗಳು. ಪ್ರತಿ ಸಲ ಹೊಸ ಮರಿ ತಂದು ಬೆಳೆಸಿ ತಿನ್ನುವವರಿಗೆ ಇವು ಸರಿ. ತಾನೇ ಮರಿ ಮಾಡಿಕೊಂಡು ಹೋಗುವ ಹಿಂಡಿಗೆ ಇವನ್ನು ತಾಯಿ ಮಾಡಬೇಡಿ.

ಅಸೀಲ್ ಮಾಂಸಕ್ಕೆ ನಮ್ಮ ದೇಶದ ದೊಡ್ಡ ಕೋಳಿ. ಚೆನ್ನಾಗಿ ಬೆಳೆದ ಹುಂಜ 3ರಿಂದ 4 ಕಿಲೋ ಬರುತ್ತದೆ. ಎದೆ ಅಗಲ, ಮಾಂಸ ಗಟ್ಟಿ. ಕಾವಿಗೆ ಚೆನ್ನಾಗಿ ಕೂರುತ್ತದೆ, ಮರಿಯನ್ನು ಜೀವ ಕೊಟ್ಟು ಕಾಯುತ್ತದೆ. ಆದರೆ ತತ್ತಿ ಬಹಳ ಕಡಿಮೆ, ಬೆಳವಣಿಗೆಯೂ ನಿಧಾನ. ಹುಂಜಗಳು ಒಂದನ್ನೊಂದು ಕಂಡರೆ ಬಿಡುವುದಿಲ್ಲ. ಬೇರೆ ಬೇರೆ ಗೂಡು ಬೇಕೇ ಬೇಕು. ಜಗಳದ ಕೋಳಿ ಸಾಕುವವರ ಹತ್ತಿರ ಇದು ಸಿಗುತ್ತದೆ. ಕೋಳಿ ಕಾಳಗ ಅಪರಾಧ, ನನಗೆ ಆ ಆಟ ಕಂಡರೆ ಸಂಕಟವಾಗುತ್ತದೆ. ಅಂಥ ಕಡೆ ಸಿಟ್ಟಿಗೆ ಆರಿಸಿದ ಕೋಳಿ ಇರುತ್ತದೆ, ಮಾಂಸಕ್ಕೆ ಆರಿಸಿದ್ದಲ್ಲ. ಅವರ ಹತ್ತಿರ ಹೋಗಬೇಡಿ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಸಿಕ್ಕಿತು. ಗಟ್ಟಿ ಕೋಳಿ, ಆದರೆ ಸಣ್ಣದು. ಹುಂಜ ಒಂದೂವರೆ ಕಿಲೋ, ಹೆಣ್ಣು ಒಂದು ಕಿಲೋ ಆಸುಪಾಸು. ಕಾವಿಗೆ ಕೂರುವ ಗುಣವೂ ಕಡಿಮೆ. ಯಾರಾದರೂ ಮೂರು ಕಿಲೋ ಕಡಕ್‌ನಾಥ್ ಅಂದರೆ ಅದು ಬೆರಕೆ. ಕಪ್ಪು ಚರ್ಮ ಬೆರಕೆ ಮರಿಯಲ್ಲೂ ಬರುತ್ತದೆ, ಹಾಗಾಗಿ ಬಣ್ಣ ನೋಡಿ ನಂಬುವ ಹಾಗಿಲ್ಲ. 2019ರಲ್ಲಿ ಸಾಂಗ್ಲಿ ಕಡೆ ಇದೇ ಕೋಳಿಯ ಹೆಸರಿನಲ್ಲಿ ಸಾವಿರಾರು ರೈತರು ದುಡ್ಡು ಕಳೆದುಕೊಂಡರು. ಮರಿಯನ್ನೂ ನಾವೇ ಕೊಡುತ್ತೇವೆ, ಕೋಳಿಯನ್ನೂ ನಾವೇ ವಾಪಸ್ ಕೊಳ್ಳುತ್ತೇವೆ ಅನ್ನುವ ಯೋಜನೆ ಕಂಡರೆ ದೂರ ಇರಿ.

ಕುತ್ತಿಗೆ ಮೇಲೆ ಗರಿ ಇಲ್ಲದ ಕೋಳಿಯನ್ನು ಜನ ಕುರೂಪಿ ಅಂತ ಬಿಡುತ್ತಾರೆ. ಬಿಡಬೇಡಿ. ಗರಿ ಕಡಿಮೆ ಇರುವುದರಿಂದ ಬಿಸಿಲು ತಡೆಯುತ್ತದೆ. ಗರಿಗೆ ಹೋಗುವ ಆಹಾರ ಮಾಂಸಕ್ಕೆ ಹೋಗುತ್ತದೆ. ಈ ಗುಣ ಅಪ್ಪ ಅಥವಾ ಅಮ್ಮ, ಒಬ್ಬರಿಂದ ಬಂದರೂ ಮರಿಯಲ್ಲಿ ಕಾಣುತ್ತದೆ. ಶಿರೂರು, ದೌಂಡ್, ಇಂದಾಪುರದಂಥ ಒಣ ಸೀಮೆಯಲ್ಲಿ ಇರುವವರು ಇಂಥ ಒಂದು ಹುಂಜ ಸಿಕ್ಕರೆ ಖಂಡಿತ ತನ್ನಿ.

ನಾನು ಕೊನೆಗೆ ಆರಿಸಿದ್ದು ಹಳ್ಳಿಯ ಜವಾರಿ ಹೆಣ್ಣು, ಅದಕ್ಕೆ ಅಸೀಲ್ ರಕ್ತ ಸ್ವಲ್ಪ ಇರುವ ಮೈತುಂಬಿದ ಹುಂಜ. ಇದೂ ಬೆರಕೆಯೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಮಿಶ್ರತಳಿಯ ಹಾಗೆ ಒಂದೇ ತಲೆಮಾರಿಗೆ ಅಂತ ಕೂಡಿಸಿದ್ದಲ್ಲ. ಒಂದೇ ಅಂಗಳದಲ್ಲಿ ಎಷ್ಟೋ ತಲೆಮಾರು ತಾನೇ ಮರಿ ಮಾಡಿಕೊಂಡು, ತಾನೇ ಸಾಕಿಕೊಂಡು ಬಂದ ಹಿಂಡು. ಅದರ ಮಕ್ಕಳು ಹೇಗಿರುತ್ತವೆ ಅಂತ ಅಲ್ಲೇ ಕಣ್ಣೆದುರು ಕಾಣುತ್ತದೆ.

ಎಲ್ಲಿ ಹುಡುಕಬೇಕು?

ಸರಕಾರಿ ದಾರಿ ಮೊದಲು ಹೇಳುತ್ತೇನೆ. ಪುಣೆಯ ಖಡಕಿಯಲ್ಲಿ ರಾಜ್ಯ ಪಶುಸಂಗೋಪನೆ ಇಲಾಖೆಯ ಮರಿ ಮಾಡುವ ಕೇಂದ್ರ ಇದೆ. ಮುಂಬೈಯ ಆರೇ ಕಾಲೋನಿಯಲ್ಲಿ ಕೇಂದ್ರ ಸರಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ, ನಮ್ಮ ಹೆಸರಘಟ್ಟದಲ್ಲಿ ಇರುವಂಥದ್ದೇ. ಬಾರಾಮತಿ, ನಾರಾಯಣಗಾಂವ್‌ಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಇಂಥ ಕಡೆ ಹೋದಾಗ ಒಂದೇ ಪ್ರಶ್ನೆ ಸ್ಪಷ್ಟವಾಗಿ ಕೇಳಿ: “ಇದು ಶುದ್ಧ ತಳಿಯೋ, ಮಿಶ್ರವೋ? ಇದರ ತತ್ತಿಯಿಂದ ಮುಂದಿನ ಹಿಂಡು ಮಾಡಬಹುದಾ?” ಅವರು ನೇರವಾಗಿ ಹೇಳುತ್ತಾರೆ. ಮರಿಗೆ ಮೊದಲೇ ಹೆಸರು ಬರೆಸಿ ಕಾಯಬೇಕಾಗಬಹುದು.

ಎರಡನೆಯ ದಾರಿ ಹಳ್ಳಿ. ನನಗೆ ಹೆಚ್ಚು ನಂಬಿಕೆ ಇದರ ಮೇಲೆ. ವೆಲ್ಹೆ, ಭೋರ್, ಮುಳಶಿಯ ಒಳಗಿನ ವಾಡಿಗಳಲ್ಲಿ ಇನ್ನೂ ಹಳೆಯ ಗಾವರಾನ್ ಹಿಂಡುಗಳಿವೆ. ಡಾಂಬರು ರಸ್ತೆಯಿಂದ ದೂರ ಹೋದಷ್ಟೂ ಬೆರಕೆ ಕಡಿಮೆ. ಮಳೆ ಸೀಮೆಯ ಕೋಳಿ ಒದ್ದೆ ತಡೆಯುತ್ತದೆ, ಒಣ ಸೀಮೆಯದು ಬಿಸಿಲು ತಡೆಯುತ್ತದೆ. ನಿಮ್ಮ ಜಾಗದ ಹವೆ ಹೇಗಿದೆಯೋ ಅಂಥದ್ದೇ ಹವೆಯ ಊರಿನಿಂದ ಹೆಣ್ಣು ತನ್ನಿ. ಸೋಲಾಪುರದ ಕಡೆಯಿಂದ ತಂದ ನನ್ನ ಕೋಳಿಗಳು ಮೊದಲ ಮಳೆಗಾಲದಲ್ಲಿ ಬಹಳ ಕಷ್ಟಪಟ್ಟವು. ಅವುಗಳ ಮಕ್ಕಳು, ಇಲ್ಲೇ ಹುಟ್ಟಿದವು, ಹೊಂದಿಕೊಂಡವು.

ಕನ್ನಡದವರಿಗೆ ಒಂದು ಅನುಕೂಲ ಇದೆ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ತಾಲ್ಲೂಕುಗಳಲ್ಲಿ ಬಹಳ ಮನೆಗಳಲ್ಲಿ ಕನ್ನಡ ಮಾತಾಡುತ್ತಾರೆ. ಊರಿಗೆ ಹೋಗಿ ಬರುವಾಗ ದಾರಿಯಲ್ಲೇ ಸಿಗುತ್ತವೆ. ಅಕ್ಕಲಕೋಟೆ ಹತ್ತಿರ ಒಂದು ಅಂಗಳದಲ್ಲಿ ಕೆಂಪು ಹುಂಜ ನೋಡಿ ನನಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಆ ಮನೆಯ ಅಜ್ಜಿಯನ್ನು ಕೇಳಿದೆ.

“ಅಮ್ಮಾ, ಈ ಹುಂಜ ಕೊಡ್ತೀರೇನು?”

“ಅದನ್ನ ಕೊಡಂಗಿಲ್ಲವಾ. ಅದು ಬೀಜದ ಹುಂಜ ಐತಿ. ಅದರ ಮಕ್ಕಳನ್ನ ಒಯ್ಯಿ.”

ಅಂಥ ಉತ್ತರ ಬಂದರೆ ಸರಿಯಾದ ಮನೆಗೆ ಬಂದಿದ್ದೀರಿ ಅಂತ ಅರ್ಥ. ಯಾವುದನ್ನು ಬೀಜಕ್ಕೆ ಇಡಬೇಕು ಅಂತ ಗೊತ್ತಿರುವ ಮನೆ ಅದು. ಹಳ್ಳಿಯಲ್ಲಿ ಕೋಳಿ ಹೆಂಗಸರ ಸೊತ್ತು. ಗಂಡಸರ ಹತ್ತಿರ ವ್ಯಾಪಾರ ಮಾತಾಡಬೇಡಿ. ಯಾವ ಕೋಳಿ ಎಷ್ಟು ಮರಿ ಎಬ್ಬಿಸಿತು, ಯಾವುದು ಮರಿ ಬಿಟ್ಟು ಓಡಿತು, ಎಲ್ಲ ಆ ತಾಯಂದಿರಿಗೇ ಗೊತ್ತು. ಕೂತು, ಚಹಾ ಕುಡಿದು, ಕೇಳಿ.

ವಾರದ ಸಂತೆಯಲ್ಲಿ ತಿನ್ನೋದಕ್ಕೆ ಕೊಳ್ಳಿ, ಬೀಜಕ್ಕೆ ಬೇಡ. ಅಲ್ಲಿ ಹತ್ತು ಊರಿನ ಕೋಳಿ ಒಂದೇ ಬುಟ್ಟಿಯಲ್ಲಿ ಇರುತ್ತದೆ, ಹತ್ತು ಊರಿನ ರೋಗವೂ ಇರುತ್ತದೆ. ಕಾಯಿಲೆ ಬಿದ್ದ ಮನೆಯವರು ಬೇಗ ಬೇಗ ಸಂತೆಗೆ ತರುವುದೂ ಉಂಟು. ರಸ್ತೆಯಲ್ಲಿ ಬಣ್ಣ ಹಚ್ಚಿ ಮಾರುವ ಮರಿಗಳಂತೂ ಬೇಡವೇ ಬೇಡ. ತತ್ತಿ ಕೋಳಿಯ ಹ್ಯಾಚರಿಗಳಲ್ಲಿ ಬೇಡವಾದ ಗಂಡು ಮರಿಗಳು ಅವು.

ಯಾವಾಗ ಹುಡುಕಬೇಕು ಅನ್ನುವುದೂ ಮುಖ್ಯ. ನಮ್ಮ ನಾಗರ ಅಮಾವಾಸ್ಯೆಯನ್ನೇ ಇಲ್ಲಿ ಗಟಾರಿ ಅನ್ನುತ್ತಾರೆ. ಅದರ ಹಿಂದಿನ ವಾರ ಕೋಳಿ ಬೆಲೆ ಆಕಾಶಕ್ಕೆ. ಮರುದಿನದಿಂದ ಶ್ರಾವಣ, ಮಾಂಸ ತಿನ್ನುವವರು ಕಡಿಮೆ. ಆ ತಿಂಗಳು ಹಳ್ಳಿ ಸುತ್ತಿ ಹಿಂಡು ನೋಡಿ, ಮಾತು ಆಡಿಟ್ಟು ಬನ್ನಿ. ಕೋಳಿಯನ್ನು ದಸರೆ ಕಳೆದ ಮೇಲೆ ತನ್ನಿ. ಮಳೆ ನಿಂತಿರುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಮರಿ ಎಬ್ಬಿಸಲು ಒಳ್ಳೆಯ ಕಾಲ.

ಅಂಗಳದಲ್ಲಿ ನಿಂತು ಏನು ನೋಡಬೇಕು?

ಲಗೇಜ್ ತೂಗುವ ಸಣ್ಣ ಡಿಜಿಟಲ್ ಕೊಕ್ಕೆ, ಒಂದು ಬಟ್ಟೆ ಚೀಲ ಜೊತೆಗಿರಲಿ. ಕಣ್ಣಳತೆಗೆ ಗರಿ ಮೋಸ ಮಾಡುತ್ತದೆ. ತೂಕ ಮೋಸ ಮಾಡುವುದಿಲ್ಲ.

ಮೊದಲು ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಯಾವುದು ಮುಂದೆ ಬಂದು ಕೆದಕುತ್ತದೆ, ಯಾವುದು ಮೂಲೆಯಲ್ಲಿ ಮುದುಡಿ ಕೂತಿದೆ. ಸೀನು, ಗೊರಗೊರ ಉಸಿರು, ಮುಚ್ಚಿದ ಕಣ್ಣು ಒಂದರಲ್ಲಿ ಕಂಡರೂ ಆ ಹಿಂಡಿನಿಂದ ಏನೂ ತರಬೇಡಿ, ಎಷ್ಟೇ ಚೆಂದದ ಹುಂಜ ಇರಲಿ. ಆಮೇಲೆ ಕೇಳಿ: ತಾಯಿ ಯಾವುದು, ಅಪ್ಪ ಯಾವುದು, ಒಡಹುಟ್ಟು ಎಲ್ಲಿ? “ತಾಯಿಯಂತೆ ಮಗಳು, ನೂಲಿನಂತೆ ಸೀರೆ” ಅನ್ನುವ ಮಾತು ಕೋಳಿಗೂ ಸರಿಯೇ.

ಕೈಗೆ ಎತ್ತಿಕೊಂಡಾಗ ಎದೆಯ ನಡುಎಲುಬನ್ನು ಬೆರಳಿನಿಂದ ಸವರಿ. ನೇರವಾಗಿರಬೇಕು, ಉದ್ದ ಇರಬೇಕು. ಎರಡೂ ಬದಿ ಮಾಂಸ ದುಂಡಗೆ ತುಂಬಿರಬೇಕು. ಎಲುಬು ಚೂರಿಯ ಹಾಗೆ ಚುಚ್ಚಿದರೆ ಬೇಡ. ಬೆನ್ನು ಅಗಲ, ಕಾಲುಗಳ ನಡುವೆ ಅಂತರ ಜಾಸ್ತಿ ಇರಲಿ. ಕಾಲು ಹತ್ತಿರ ಹತ್ತಿರ ಇರುವ ಕೋಳಿಗೆ ಎದೆ ಬೆಳೆಯಲು ಜಾಗವೇ ಇಲ್ಲ. ಬೆರಳು ಸೊಟ್ಟ, ಕೊಕ್ಕು ಸೊಟ್ಟ ಇದ್ದರೆ ಬಿಡಿ. ಕಾಲಿನ ಹುರುಪೆ ಎದ್ದು ಬಿಳಿ ಪುಡಿ ಹಿಡಿದಿದ್ದರೆ ಅದು ನುಸಿ. ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಗರಿ ಬಿಡಿಸಿ ಹೇನು ನೋಡಿ. ತತ್ತಿ ಇಡುತ್ತಿರುವ ಹೆಣ್ಣಾದರೆ ಹಿಂದಿನ ಎರಡು ಸಣ್ಣ ಎಲುಬುಗಳ ನಡುವೆ ಎರಡು ಬೆರಳು ಹಿಡಿಯಬೇಕು.

ಹುಂಜದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಿ. ಒಂದು ಹೆಣ್ಣು ತಪ್ಪಾದರೆ ಅದರ ಮರಿಗಳಷ್ಟೇ ಕೆಡುತ್ತವೆ. ಹುಂಜ ತಪ್ಪಾದರೆ ಅದು ಕೂಡಿದ ಎಂಟು ಹತ್ತು ಹೆಣ್ಣಿನ ಮರಿಗಳೂ ಕೆಡುತ್ತವೆ. ಮನುಷ್ಯರ ಮೈಮೇಲೆ ಏರಿ ಬರುವ ಹುಂಜ ಮಕ್ಕಳಿರುವ ಮನೆಗೆ ಬೇಡ. ಆ ಗುಣ ಮಕ್ಕಳಿಗೂ ಬರುತ್ತದೆ.

ಬಿಳಿ ಭೇದಿ ಅನ್ನುವ ಪುಲ್ಲೋರಮ್ ರೋಗ ತಾಯಿಯಿಂದ ತತ್ತಿಯ ಮೂಲಕವೇ ಮರಿಗೆ ಬರುತ್ತದೆ. ಸಿ.ಆರ್.ಡಿ. ಅನ್ನುವ, ಬಹಳ ದಿನ ಕಾಡುವ ಉಸಿರಾಟದ ರೋಗ ಕೂಡ ಹಾಗೆಯೇ. ತಾಯಿ ನೋಡಲು ಆರೋಗ್ಯವಾಗಿಯೇ ಇರಬಹುದು. ಪುಲ್ಲೋರಮ್‌ಗೆ ಸುಲಭದ ಪರೀಕ್ಷೆ ಇದೆ. ರಕ್ತದ ಒಂದು ಹನಿಗೆ ಬಣ್ಣದ ಆಂಟಿಜೆನ್ (ಪರೀಕ್ಷೆಯ ದ್ರಾವಣ) ಒಂದು ಹನಿ ಬೆರೆಸುತ್ತಾರೆ. ರೋಗ ಇದ್ದರೆ ಎರಡು ನಿಮಿಷದೊಳಗೆ ಹರಳುಹರಳಾಗಿ ಕಾಣುತ್ತದೆ. ಪಶುವೈದ್ಯರನ್ನು ಕೇಳಿ. ಪುಣೆಯ ಔಂಧ್‌ನಲ್ಲಿ ಇಲಾಖೆಯ ರೋಗ ಪತ್ತೆ ವಿಭಾಗವೂ ಇದೆ.

ತತ್ತಿಯೋ, ಮರಿಯೋ, ದೊಡ್ಡ ಕೋಳಿಯೋ?

ದೊಡ್ಡ ಕೋಳಿ ತಂದರೆ ಏನು ತಂದಿರಿ ಅಂತ ಗೊತ್ತಿರುತ್ತದೆ, ಬೆಲೆ ಜಾಸ್ತಿ. ಐದಾರು ತಿಂಗಳ ಹೆಣ್ಣು ನನಗೆ ಇಷ್ಟ. ಮೈ ಬೆಳೆದಿರುತ್ತದೆ, ಮುಂದೆ ಎರಡು ಮೂರು ವರ್ಷ ಕೆಲಸಕ್ಕೆ ಬರುತ್ತದೆ.

ಆದರೆ ಮಾರಲು ಒಪ್ಪದ ಮನೆಯಿಂದ ತತ್ತಿ ತರಬಹುದು. ಅಕ್ಕಲಕೋಟೆಯ ಆ ಹುಂಜದ ರಕ್ತ ನಮ್ಮ ಮನೆಗೆ ಬಂದದ್ದು 14 ತತ್ತಿಗಳ ಮೂಲಕ. ತತ್ತಿ ಏಳು ದಿನದೊಳಗಿನದಾಗಿರಲಿ, ತೊಳೆಯಬೇಡಿ. ಚೂಪು ತುದಿ ಕೆಳಗೆ ಮಾಡಿ ಭತ್ತದ ಹೊಟ್ಟಿನಲ್ಲಿ ಜೋಡಿಸಿ. ಮನೆಗೆ ತಂದ ಮೇಲೆ ಒಂದು ದಿನ ಅಲುಗಾಡಿಸದೆ ಇಟ್ಟು ಆಮೇಲೆ ಕಾವಿಗೆ ಹಾಕಿ. ಒಂದು ಕೋಳಿಗೆ 10–12 ತತ್ತಿ ಸಾಕು. ಏಳನೆಯ ದಿನ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದರೆ ಜೀವ ಇರುವ ತತ್ತಿಯಲ್ಲಿ ಕೆಂಪು ನರಗಳು ಕಾಣುತ್ತವೆ. ಖಾಲಿ ಇರುವುದನ್ನು ತೆಗೆಯಿರಿ. 21ನೆಯ ದಿನ ಮರಿ.

ಒಂದು ದಿನದ ಮರಿ ತರುವುದಾದರೆ ಹೊಕ್ಕುಳು ಒಣಗಿರಬೇಕು, ಕಣ್ಣು ಹೊಳೆಯಬೇಕು, ಬೆನ್ನ ಮೇಲೆ ಮಲಗಿಸಿದರೆ ತಟ್ಟನೆ ಏಳಬೇಕು. ಬೇಕಾದದ್ದಕ್ಕಿಂತ ಮೂರು ಪಟ್ಟು ತನ್ನಿ, ಯಾಕೆಂದರೆ ಅರ್ಧ ಗಂಡು ಇರುತ್ತವೆ ಮತ್ತು ಆರಿಸಲು ಅವಕಾಶ ಬೇಕು.

ತಂದ ಮೇಲೆ 30 ದಿನ ಬೇರೆ

ಇದನ್ನು ಒಮ್ಮೆ ನಾನು ಪಾಲಿಸಲಿಲ್ಲ. ಹೊಸ ಹುಂಜವನ್ನು ಬಂದ ದಿನವೇ ಹಿಂಡಿಗೆ ಬಿಟ್ಟೆ. ಎಂಟು ದಿನದೊಳಗೆ 19 ಕೋಳಿ ಸತ್ತವು. ಕುತ್ತಿಗೆ ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತಾ ಸತ್ತವು. ನಮ್ಮಲ್ಲಿ ಕೊಕ್ಕರೆ ರೋಗ ಅನ್ನುವ, ಇಲ್ಲಿ ಮಾನಮೋಡಿ ಅನ್ನುವ ರಾಣಿಖೇತ್ ಅದು. ಮಗಳು ಹೆಸರಿಟ್ಟು ಸಾಕಿದ ಕೋಳಿಯೂ ಹೋಯಿತು.

ಹೊಸ ಕೋಳಿಯನ್ನು ಹಳೆಯ ಹಿಂಡಿನಿಂದ ಆದಷ್ಟು ದೂರ, ಹೊಸದರ ಕಡೆಯಿಂದ ಹಳೆಯದರ ಕಡೆಗೆ ಗಾಳಿ ಬೀಸದ ಹಾಗೆ ಇಡಿ. ನೀರಿನ ಪಾತ್ರೆ ಬೇರೆ, ಚಪ್ಪಲಿ ಬೇರೆ. ಮೊದಲು ಹಳೆಯ ಹಿಂಡಿಗೆ ಮೇವು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ. ಹೇನು, ಜಂತುಹುಳಕ್ಕೆ ಔಷಧ ಈ ದಿನಗಳಲ್ಲೇ ಆಗಲಿ.

ಮರಿಗಳಿಗೆ 5ರಿಂದ 7ನೆಯ ದಿನ ಲಾಸೋಟಾ (ರಾಣಿಖೇತ್ ಲಸಿಕೆ) ಕಣ್ಣಿಗೆ ಒಂದು ಹನಿ, 14ನೆಯ ದಿನದ ಹೊತ್ತಿಗೆ ಗಂಬೋರೋ ರೋಗದ ಲಸಿಕೆ, 28ನೆಯ ದಿನ ಮತ್ತೆ ಲಾಸೋಟಾ, 8ರಿಂದ 10 ವಾರಕ್ಕೆ ರಾಣಿಖೇತ್‌ಗೇ ಕೊಡುವ ಆರ್.ಟು.ಬಿ. ಚುಚ್ಚುಮದ್ದು. ಲಸಿಕೆಯ ಸೀಸೆ ನೂರು ಕೋಳಿಗೋ ಅದಕ್ಕಿಂತ ಜಾಸ್ತಿಗೋ ಬರುತ್ತದೆ, ಬೆರೆಸಿದ ಮೇಲೆ ಎರಡು ಗಂಟೆಯಲ್ಲಿ ಮುಗಿಸಬೇಕು. ಆದ್ದರಿಂದ ನೆರೆಯ ನಾಲ್ಕು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಳ್ಳಿ. ಮಂಜುಗಡ್ಡೆಯ ಡಬ್ಬಿ ಇಲ್ಲದೆ ಲಸಿಕೆ ತರಬೇಡಿ. ಒಮ್ಮೆಗೇ ತುಂಬಾ ಕೋಳಿ ಸತ್ತರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಿ. ಭಾರತದಲ್ಲಿ ಹಕ್ಕಿಜ್ವರ ಮೊದಲು ಪತ್ತೆಯಾದದ್ದು 2006ರಲ್ಲಿ, ಇದೇ ಮಹಾರಾಷ್ಟ್ರದ ನವಾಪುರದಲ್ಲಿ.

ಯಾವುದನ್ನು ತಿನ್ನಬೇಕು, ಯಾವುದನ್ನು ಉಳಿಸಬೇಕು?

ಹಬ್ಬ ಬಂತು ಅಂದರೆ ನಾವು ಮಾಡುವುದೇನು? ಎಲ್ಲಕ್ಕಿಂತ ದೊಡ್ಡ ಹುಂಜ ಹಿಡಿಯುತ್ತೇವೆ. ಬೇಗ ಬೆಳೆದದ್ದು ಮೊದಲು ಹೋಗುತ್ತದೆ, ಸೊರಗಿದ್ದು ಉಳಿದು ಅಪ್ಪ ಆಗುತ್ತದೆ. ಹತ್ತು ವರ್ಷ ಹೀಗೆ ಮಾಡಿದರೆ ಎಂಥ ಒಳ್ಳೆಯ ತಳಿಯೂ ಕುಗ್ಗುತ್ತದೆ. ನೆಂಟರು ಬಂದಾಗ ಎಷ್ಟೇ ಮುಜುಗರವಾದರೂ ಇದೊಂದನ್ನು ಬಿಡಬೇಡಿ.

8, 12, 16 ವಾರಕ್ಕೆ ಎಲ್ಲ ಮರಿಗಳನ್ನೂ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗಂಡುಗಳಲ್ಲಿ ಹತ್ತಕ್ಕೆ ಒಂದು ಉಳಿಸಿ, ಹೆಣ್ಣುಗಳಲ್ಲಿ ಅರ್ಧ. ಬರೀ ತೂಕ ನೋಡಬೇಡಿ. ತಾಯಿ ಕಾವಿಗೆ ಕೂತಿತ್ತಾ, ಮರಿ ಬದುಕಿಸಿತಾ ಅನ್ನುವುದನ್ನೂ ಸೇರಿಸಿ.

ಹಿಂಡನ್ನು ಮೂರು ಗುಂಪು ಮಾಡಿ ಕಾಲಿಗೆ ಕೆಂಪು, ಹಸಿರು, ಹಳದಿ ಉಂಗುರ ಹಾಕಿ. ಮರಿ ಮಾಡುವ ತಿಂಗಳಲ್ಲಿ ಮೂರೂ ಗುಂಪು ಬೇರೆ ಬೇರೆ ಗೂಡಿನಲ್ಲಿರಲಿ. ಹೆಣ್ಣು ಮರಿ ಯಾವಾಗಲೂ ತಾಯಿಯ ಗುಂಪಿನಲ್ಲೇ ಉಳಿಯುತ್ತದೆ. ಗಂಡು ಮರಿ ಮುಂದಿನ ಗುಂಪಿಗೆ ಹೋಗುತ್ತದೆ: ಕೆಂಪಿನ ಮಗ ಹಸಿರಿಗೆ, ಹಸಿರಿನ ಮಗ ಹಳದಿಗೆ, ಹಳದಿಯ ಮಗ ಕೆಂಪಿಗೆ. ಹೀಗೆ ಮಾಡಿ, ಗುಂಪಿನ ಹಳೆಯ ಹುಂಜವನ್ನು ತೆಗೆದರೆ ಅಪ್ಪ-ಮಗಳು, ಅಣ್ಣ-ತಂಗಿ ಕೂಡುವುದು ತಪ್ಪುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಹೊರಗಿನ ಒಂದು ಹುಂಜ ಬೇಕಾಗುತ್ತದೆ. ಅದಕ್ಕೆ ನಾನು ಈಗ ಮಾಡುತ್ತಿರುವುದು ಇದು: ನನ್ನಿಂದ ತತ್ತಿ ಒಯ್ದ ಮೂರು ಮನೆಯವರ ಹೆಸರು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅವರ ಅಂಗಳದಲ್ಲಿ ಬೇರೆ ರಕ್ತದ ಜೊತೆ ಬೆಳೆದ ಹುಂಜ ನಮಗೆ, ನಮ್ಮದು ಅವರಿಗೆ. ಮುಂದಿನ ದಸರೆಗೆ ಮೊದಲ ಹುಂಜ ಬರಬೇಕು. ಅದಕ್ಕೂ 30 ದಿನದ ಬೇರೆ ಗೂಡು ತಯಾರಿದೆ.